ಬಾದಾಮಿ ಎಂಬ ಹೆಸರು: ಒಂದು ತಪ್ಪೊಪ್ಪಿಗೆ



ಕಳೆದ ಮಾರ್ಗಶಿರ ಮಾಸದಲ್ಲಿ ಚೆನ್ನೈಯಿಂದ ನನಗೊಂದು ದೂರವಾಣಿ ಕರೆ ಬಂದಿತು. ಮಾತನಾಡಿದವಳು ಬಹಳ ವರ್ಷಗಳ ಹಿಂದೆ ನನ್ನ ಬಳಿ ಇತಿಹಾಸ ಓದಿದ ವಿದ್ಯಾರ್ಥಿನಿ. ಈಗ ಅವಳ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಹಿಂದಿನ ದಿನ ಅವಳು ಯಾವುದೋ ಸಭೆಯಲ್ಲಿ ಸಂಗೀತ ಕಛೇರಿ ಕೇಳಿ ಬಂದಿದ್ದಳು. ಗಾಯಕರು ಮೊದಲಿಗೆ ಮುತ್ತುಸ್ವಾಮಿ ದೀಕ್ಷಿತರ ವಾತಾಪಿ ಗಣಪತಿಯ ಕೃತಿಯನ್ನು ಹಾಡಿದರಂತೆ.

“ಸರ್, ವಾತಾಪಿ ಅಂದ್ರ ನಮ್ಮ ಬಾದಾಮೀನೇ ಅಲ್ರೀ?” ಎಂದಳು.

“ಹೌದವ್ವ” ಎಂದೆ.

“ಹಂಗಿದ್ರ ಒಂಬತ್ತನೇ ಕ್ಲಾಸಿನ್ಯಾಗ ನಾ ಬರದಿದ್ದು ಖರೇ ಇತ್ತಲ್ರೀ. ನೀವು ಎರಡು ಮಾರ್ಕ್ಸ್ ಕಟ್ ಮಾಡಿದ್ರಿ.”

ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ, ಏಕೆಂದರೆ ಆ ಉತ್ತರಪತ್ರಿಕೆ ನನಗೆ ನೆನಪಿತ್ತು. ‘ಬಾದಾಮಿಗೆ ಆ ಹೆಸರು ಹೇಗೆ ಬಂದಿತು?’ ಎಂಬುದು ಪ್ರಶ್ನೆ. ವಾತಾಪಿ ಎಂಬ ಮಾತೇ ಜನರ ಬಾಯಲ್ಲಿ ಸವೆದು ಬಾದಾಮಿ ಆಯಿತೆಂದು ಅವಳು ಬರೆದಿದ್ದಳು. ಮನೆಯಲ್ಲಿ ಅಜ್ಜ ಹೇಳಿಕೊಟ್ಟಿದ್ದರಂತೆ. ನಾನು ಕೆಂಪು ಮಸಿಯಿಂದ ಅದನ್ನು ಹೊಡೆದು ಹಾಕಿದ್ದೆ. ಅಲ್ಲಿಯ ಬಂಡೆಗಳು ಬಾದಾಮಿ ಬೀಜದ ಬಣ್ಣದವು, ಆದ್ದರಿಂದ ಸುಲ್ತಾನರ ಕಾಲದಲ್ಲಿ ವಾತಾಪಿಯ ಹೆಸರನ್ನು ಬಾದಾಮಿ ಎಂದು ಬದಲಿಸಿದರು ಎಂಬುದು ನಾನು ಪಾಠದಲ್ಲಿ ಹೇಳಿದ್ದ ಉತ್ತರ. ಅದನ್ನು ನಾನು ಒಂದೆರಡು ವರ್ಷವಲ್ಲ, ಸೇವೆಯ ಬಹುಭಾಗ ಹೇಳಿಕೊಂಡು ಬಂದಿದ್ದೇನೆ. ನನ್ನ ತರಗತಿಯ ಬೆಂಚುಗಳ ಮೇಲೆ ಮನೆಯಲ್ಲಿ ಉರ್ದು ಮಾತನಾಡುವ ಮಕ್ಕಳೂ ಕುಳಿತಿದ್ದರು. ಯಾರದೋ ಊರಿನ ಹೆಸರನ್ನು ತಮ್ಮ ಹಿರಿಯರು ಅಳಿಸಿದರೆಂದು ಅವರು ನನ್ನ ಬಾಯಿಂದ ಕೇಳಿ, ಬರೆದುಕೊಂಡು, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಪೂರ್ಣ ಅಂಕ ಪಡೆದಿದ್ದಾರೆ.

ಆದಕಾರಣ ಈ ಲೇಖನ.

ಪ್ರವಾಸಕ್ಕೆ ಬಂದವರಿಗೆ ನೆನಪಿರಬಹುದು. ಗೊಬ್ಬೂರಿನಿಂದ ಬೆಳಗಿನ ಜಾವ ಬಸ್ಸು ಹೊರಟು, ಅಫಜಲಪುರ ದಾಟಿ, ಭೀಮೆಯನ್ನು ದಾಟಿ ಸಿಂದಗಿ, ವಿಜಾಪುರ. ಅಲ್ಲಿಂದ ಕೃಷ್ಣೆಯನ್ನು ದಾಟಿ ಬಾಗಲಕೋಟೆ, ಬಾದಾಮಿ. ಕಪ್ಪು ಎರೆಯ ನೆಲವನ್ನೇ ಕಂಡು ಬೆಳೆದ ಮಕ್ಕಳು ಆ ಕೆಂಪು ಬಂಡೆಗಳನ್ನು ನೋಡಿ ಬಾಯಿ ತೆರೆದು ನಿಲ್ಲುತ್ತಿದ್ದರು. ಅಗಸ್ತ್ಯ ತೀರ್ಥದ ದಂಡೆಯ ಮೇಲೆ ನಿಂತು ನಾನು ಕೈಚಾಚಿ, “ನೋಡಿರಿ, ಬಾದಾಮಿ ಬಣ್ಣ” ಎನ್ನುತ್ತಿದ್ದೆ. ಒಮ್ಮೆ ಒಬ್ಬ ಹುಡುಗ, “ಸರ್, ಇದು ಇಟ್ಟಂಗಿ ಬಣ್ಣ ಐತ್ರಿ” ಎಂದ. ಅವನ ಕಣ್ಣು ಸರಿಯಾಗಿತ್ತು. ನಾನು ಅವನನ್ನು ಸುಮ್ಮನಿರಿಸಿದೆ.

ಈಗ ಹೆಸರಿನ ವಿಷಯಕ್ಕೆ ಬರೋಣ. ಬಾದಾಮಿಯ ಬೆಟ್ಟದ ಬಂಡೆಯೊಂದರ ಮೇಲೆ ಶಕವರ್ಷ 465ರ, ಎಂದರೆ ಕ್ರಿ.ಶ. 543ರ ಶಾಸನವಿದೆ. ಒಂದನೆಯ ಪುಲಕೇಶಿಯು ವಾತಾಪಿಯಲ್ಲಿ ಕೋಟೆಯನ್ನು ಕಟ್ಟಿದ ಸಂಗತಿಯನ್ನು ಅದು ಹೇಳುತ್ತದೆ. ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ 634ರ ಶಾಸನದಲ್ಲಿಯೂ ಊರಿನ ಹೆಸರು ವಾತಾಪಿಯೇ. ಇವು ಸಂಸ್ಕೃತ ಶಾಸನಗಳು. ಕಾಲಾಂತರದ ಶಾಸನಗಳಲ್ಲಿ ಬಾದಾವಿ ಎಂಬ ರೂಪ ಕಾಣಿಸಿಕೊಳ್ಳುತ್ತದೆ. ವಾತಾಪಿಗೂ ಬಾದಾಮಿಗೂ ನಡುವಿನ ಮೆಟ್ಟಿಲು ಇದು.

ಈ ಮೆಟ್ಟಿಲನ್ನು ಕನ್ನಡ ವ್ಯಾಕರಣ ಓದಿದ ಯಾವ ವಿದ್ಯಾರ್ಥಿಯಾದರೂ ಹತ್ತಬಲ್ಲ. ತದ್ಭವದ ಪಾಠ ನೆನಪು ಮಾಡಿಕೊಳ್ಳಿರಿ. ಸಂಸ್ಕೃತದ ವಕಾರ ಕನ್ನಡದಲ್ಲಿ ಬಕಾರವಾಗುತ್ತದೆ: ವನ ಬನವಾಯಿತು, ವರ್ಣ ಬಣ್ಣವಾಯಿತು. ತಕಾರ ದಕಾರವಾಗುತ್ತದೆ: ವಸತಿ ಎಂಬುದು ಬಸದಿ ಆಯಿತು, ಇಲ್ಲಿ ಎರಡೂ ಬದಲಾವಣೆಗಳು ಒಟ್ಟಿಗೇ ಇವೆ. ಪಕಾರ ವಕಾರವಾಗುತ್ತದೆ: ನಾವು ನೀರು ಸೇದುವ ಬಾವಿ ಸಂಸ್ಕೃತದ ವಾಪಿ. ವಾಪಿ ಬಾವಿಯಾದ ಮೇಲೆ ವಾತಾಪಿ ಬಾದಾವಿಯಾಗದೆ ಇನ್ನೇನಾದೀತು? ಕೊನೆಗೆ ಉಳಿಯುವುದು ವಕಾರ ಮಕಾರಗಳ ಅದಲುಬದಲು. ತಮಿಳರ ಮಾಮ ನಮ್ಮಲ್ಲಿ ಮಾವ. ನಮ್ಮ ಸೀಮೆಯವರು ಗಡಿಯಾಚೆಯ ಮರಾಠಿಯನ್ನು ದಿನವೂ ಕೇಳುವವರು. ಗ್ರಾಮ ಅಲ್ಲಿ ಗಾವ ಆಗಿದೆ, ನಾಮ ನಾವ ಆಗಿದೆ. ಈ ಎರಡು ಅಕ್ಷರಗಳು ತುಟಿಯ ಮೇಲೆ ಅಷ್ಟು ಹತ್ತಿರದ ನೆಂಟರು. ಇಷ್ಟನ್ನೂ ಕನ್ನಡ ಪಂಡಿತರಾದ ನನ್ನ ಸಹೋದ್ಯೋಗಿ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದರು, ನಾನು ಗೋಡೆಯ ಈಚೆಗೆ ನಿಂತು ಬಂಡೆಯ ಬಣ್ಣದ ಕಥೆ ಹೇಳುತ್ತಿದ್ದೆ.

ಇನ್ನೊಂದು ಮಾತೂ ಇದೆ. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ತನ್ನ ಗ್ರಂಥದಲ್ಲಿ ಬದಿಯಮಾಯೊಯಿ ಎಂಬ ಊರನ್ನು ಹೆಸರಿಸುತ್ತಾನೆ. ಅದು ನಮ್ಮ ಬಾದಾಮಿಯೇ ಎಂದು ಗುರುತಿಸಿದ ವಿದ್ವಾಂಸರಿದ್ದಾರೆ. ಆ ಗುರುತು ಸರಿಯಾಗಿದ್ದರೆ ಬಾದಾಮಿಯಂತಹ ಉಚ್ಚಾರ ಜನರ ನಾಲಗೆಯ ಮೇಲೆ ಶಾಸನಗಳಿಗಿಂತಲೂ ಮೊದಲೇ ಇದ್ದು, ವಾತಾಪಿಯೇ ಅದರ ಸಂಸ್ಕೃತ ವೇಷವೆಂದು ತಿಳಿಯಬೇಕಾಗುತ್ತದೆ. ಹೇಗೆ ನೋಡಿದರೂ ನಮ್ಮ ಸೀಮೆಗೆ ಪಾರಸಿ ಮಾತು ರಾಜಭಾಷೆಯಾಗಿ ಬಂದದ್ದು 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ. ಊರಿನ ಹೆಸರು ಅದಕ್ಕಿಂತ ಎಷ್ಟೋ ಹಳೆಯದು. ಸುಲ್ತಾನರು ಅದನ್ನು ಬದಲಿಸಲಿಲ್ಲ. ಪಾರಸಿ ಬಲ್ಲ ಅಧಿಕಾರಿಗಳು ಬಂದು ಊರಿನ ಹೆಸರು ಕೇಳಿದಾಗ, ತಮಗೆ ಪರಿಚಿತವಾದ ಬೀಜದ ಹೆಸರನ್ನೇ ಕೇಳಿದಂತೆ ಅವರಿಗೆ ಅನಿಸಿರಬೇಕು, ಅಷ್ಟೇ. ನಮ್ಮ ಊರಿನ ಹೆಸರು ಹೇಳಿದೊಡನೆ ಪರಸ್ಥಳದ ಮಕ್ಕಳು “ಗೊಬ್ಬರದ ಊರೇ?” ಎಂದು ನಗುವುದಿಲ್ಲವೇ? ಕಿವಿಯು ತನಗೆ ಗೊತ್ತಿರುವುದನ್ನೇ ಕೇಳುತ್ತದೆ.

ಆ ಬೀಜದ ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಪಾರಸಿಯ ಬಾದಾಮ್ ಎಂಬ ಶಬ್ದವು ಅದರ ಹಿಂದಿನ ಪಹ್ಲವಿ ಭಾಷೆಯಲ್ಲಿ ವಾದಾಮ್ ಎಂದಿತ್ತು. ಎಂದರೆ ಇರಾನಿನಲ್ಲಿಯೂ ವಕಾರ ಬಕಾರವಾಗಿದೆ! ಸಂಸ್ಕೃತದಲ್ಲಿ ಬಾದಾಮಿಗೆ ವಾತಾಮವೆಂದು ಹೆಸರು. ಚರಕಸಂಹಿತೆಯಲ್ಲಿ ಅಕ್ರೋಡು ಮೊದಲಾದ ಎಣ್ಣೆಬೀಜದ ಫಲಗಳ ಸಾಲಿನಲ್ಲಿ ವಾತಾಮವೂ ಬರುತ್ತದೆ. ವಾತಾಮ ಒಂದು ಕಡೆ, ವಾತಾಪಿ ಇನ್ನೊಂದು ಕಡೆ. ಒಂದು ಇರಾನಿನ ಬೆಟ್ಟಗಳ ಕಡೆಯಿಂದ, ಒಂದು ಮಲಪ್ರಭೆಯ ಸೀಮೆಯಿಂದ ಹೊರಟು, ಎರಡೂ ಒಂದೇ ಬಗೆಯ ಸವೆತಕ್ಕೆ ಸಿಕ್ಕಿ, ಬಾದಾಮಿ ಎಂಬ ಒಂದೇ ಮಾತಿನಲ್ಲಿ ಕೂಡಿಕೊಂಡಿವೆ. ಶಬ್ದಗಳಿಗೆ ಹೀಗೆ ಆಗುವುದುಂಟು. ಒಂದೇ ಹೆಸರಿನ ಇಬ್ಬರು ಒಂದೇ ಓಣಿಯಲ್ಲಿದ್ದರೆ ಅಂಚೆಯವನು ಅವರನ್ನು ಅಣ್ಣತಮ್ಮಂದಿರೆಂದು ತಿಳಿಯುತ್ತಾನೆ. ನಾನು ಆ ಅಂಚೆಯವನಾಗಿದ್ದೆ.

ಬಾದಾಮಿ ಊರಿನಲ್ಲಿ ಬಾದಾಮಿ ಬೆಳೆಯುವುದಿಲ್ಲ ಎಂಬುದನ್ನಾದರೂ ನಾನು ಯೋಚಿಸಬೇಕಾಗಿತ್ತು. ಆ ಮರ ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಚೆನ್ನಾಗಿ ಶೀತ ತಗುಲಬೇಕು. ನಮ್ಮ ದೇಶದಲ್ಲಿ ಅದು ಮುಖ್ಯವಾಗಿ ಕಾಶ್ಮೀರದ ಬೆಳೆ. ಇಂದು ಜಗತ್ತಿನ ಬಾದಾಮಿಯ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಅಮೆರಿಕದ ಕ್ಯಾಲಿಫೋರ್ನಿಯಾ ಒಂದರಲ್ಲೇ ಬೆಳೆಯುತ್ತದೆ. ನಮ್ಮ ಶಾಲೆಯ ಅಂಗಳದಲ್ಲಿ ‘ಬಾದಾಮಿ ಗಿಡ’ ಎಂದು ನೀವು ಕಲ್ಲು ಹೊಡೆಯುತ್ತಿದ್ದುದು ಕಾಡುಬಾದಾಮಿ. ತಾರೆ, ಅಳಲೆಗಳ ಬಳಗದ ಆ ಮರ ಬೇರೆ ಜಾತಿಯದು. ನಿಜವಾದ ಬಾದಾಮಿಯ ನೆಂಟಸ್ತನ ಪೀಚ್ ಹಣ್ಣಿನ ಜೊತೆಗೆ. ಆದರೆ ಉದುರುವ ಮುಂಚೆ ಅದರ ಎಲೆಗಳು ಕೆಂಪಗಾಗುವ ಚೆಂದ ಯಾವ ಕಾಶ್ಮೀರಕ್ಕೂ ಕಡಿಮೆಯದಲ್ಲ. ಅದರ ಕಾಯಿಯನ್ನು ಕಲ್ಲಿನಿಂದ ಜಜ್ಜಿ ಒಳಗಿನ ಬೆರಳುಗುರಿನಷ್ಟು ತಿರುಳನ್ನು ನಾಲ್ವರು ಹಂಚಿಕೊಳ್ಳುತ್ತಿದ್ದಿರಿ. ಅಂಗಿಯ ತುಂಬ ಕಲೆ, ಹೊಟ್ಟೆಗೆ ಏನೂ ಇಲ್ಲ.

ಅಸಲು ಬಾದಾಮಿ ನಮ್ಮ ಕಡೆಯ ಮನೆಗಳಲ್ಲಿ ಎಣಿಸಿ ತೆಗೆಯುವ ಪದಾರ್ಥವಾಗಿತ್ತು. ಬಾಣಂತಿಯ ಅಂಟಿನ ಉಂಡಿಗೆ ಕೊಬ್ಬರಿ, ಉತ್ತತ್ತಿ ಧಾರಾಳವಾಗಿ ಬಿದ್ದರೆ ಬಾದಾಮಿ ಲೆಕ್ಕದಲ್ಲಿ ಬೀಳುತ್ತಿತ್ತು. ಗರಡಿಮನೆಯ ಪೈಲ್ವಾನರು ನೆನೆಸಿದ ಬಾದಾಮಿಯನ್ನು ಅರೆದು ಥಂಡಾಯಿ ಮಾಡಿಕೊಳ್ಳುವುದನ್ನು ನಾವು ಹುಡುಗರು ಗೋಡೆಯ ಮೇಲಿಂದ ನೋಡುತ್ತಿದ್ದೆವು. ಉಳಿದವರಿಗೆಲ್ಲ ಶೇಂಗಾ. ಬಡವರ ಬಾದಾಮಿ ಎಂದು ಅದನ್ನು ಕರೆಯುತ್ತೇವೆ. ದಕ್ಷಿಣ ಅಮೆರಿಕದಿಂದ ಬಂದ ಬೀಜಕ್ಕೆ ಇರಾನಿನ ಬೀಜದ ಹೆಸರನ್ನು ಇಟ್ಟವರು ಕನ್ನಡಿಗರು. ಬೆಂಗಳೂರಿನ ಕಡೆಯವರು ನಮ್ಮ ಆಪೂಸ್ ಮಾವಿನ ಹಣ್ಣಿಗೂ ಬಾದಾಮಿ ಎನ್ನುತ್ತಾರೆ. ಹೀಗೆ ಹೆಸರು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ಪ್ರವಾಸಿ ತವೆರ್ನಿಯೆ ಗುಜರಾತಿಗೆ ಬಂದಾಗ ಅಲ್ಲಿಯ ಪೇಟೆಯಲ್ಲಿ ಇರಾನಿನ ಕಹಿ ಬಾದಾಮಿ ಚಿಲ್ಲರೆ ಹಣವಾಗಿ ಚಲಾವಣೆಯಲ್ಲಿತ್ತೆಂದು ಬರೆದಿದ್ದಾನೆ. ಕಹಿ ಬಾದಾಮಿಯಲ್ಲಿ ವಿಷದ ಅಂಶವಿರುವುದರಿಂದ ತಿನ್ನಲು ಬಾರದು. ತಿನ್ನಲು ಬಾರದ್ದರಿಂದಲೇ ಅದು ಹಣವಾಗಿ ಉಳಿಯಿತೆಂದು ನನ್ನ ಊಹೆ. ಸಿಹಿ ಬಾದಾಮಿಯಾಗಿದ್ದರೆ ಖಜಾನೆಯನ್ನು ಮಕ್ಕಳೇ ಖಾಲಿ ಮಾಡುತ್ತಿದ್ದರು.

ನನ್ನ ಅಜ್ಜಿಯ ನೆನಪು ಇಲ್ಲಿ ಬಂದೇ ತೀರುತ್ತದೆ. ಹಸುಗೂಸಿಗೆ ಗುಟ್ಟಿ ಹಾಕುವುದು ಆಕೆಯ ಕೆಲಸ. ಸಾಣೆಕಲ್ಲಿನ ಮೇಲೆ ಬಜೆ, ಅಳಲೆಕಾಯಿ, ಮಾಚಿಕಾಯಿಗಳನ್ನು ಒಂದೊಂದು ಸುತ್ತು ತೇಯ್ದು, ಕೊನೆಗೆ ಒಂದು ಬಾದಾಮಿಯನ್ನು ಹಾಲಿನಲ್ಲಿ ನಾಲ್ಕು ಸುತ್ತು ತೇಯ್ದು, ಬೆರಳಿನಿಂದ ನೆಕ್ಕಿಸುತ್ತಿದ್ದಳು. ಅದೇ ಬಾದಾಮಿಯನ್ನು ಒರೆಸಿ ಡಬ್ಬಿಯಲ್ಲಿಟ್ಟು ಮರುದಿನ ಮತ್ತೆ ತೇಯುವುದು. ಆಮೇಲೆ ಕೂಸಿನ ಹೊಟ್ಟೆಯನ್ನು ಅಂಗೈಯಿಂದ ಸವರುತ್ತ, ವಾತಾಪಿ ಜೀರ್ಣವಾದಂತೆ ಇದೂ ಜೀರ್ಣವಾಗಲಿ ಎಂದು ಹರಸುತ್ತಿದ್ದಳು. ಆಕೆ ಅಕ್ಷರ ಕಲಿತವಳಲ್ಲ, ಬಾದಾಮಿ ಊರನ್ನು ನೋಡಿದವಳೂ ಅಲ್ಲ.

ಈ ಹರಕೆಯ ಹಿಂದಿನ ಕಥೆ ಮಹಾಭಾರತದ ವನಪರ್ವದ್ದು. ಇಲ್ವಲ, ವಾತಾಪಿ ಎಂಬ ಇಬ್ಬರು ರಾಕ್ಷಸ ಸಹೋದರರು. ಬಂದ ಅತಿಥಿಗಳಿಗೆ ಇಲ್ವಲನು ವಾತಾಪಿಯನ್ನೇ ಆಡಾಗಿ ಮಾಡಿ, ಅಡಿಗೆ ಮಾಡಿ ಬಡಿಸುವನು. ಊಟವಾದ ಮೇಲೆ ಹೆಸರು ಹಿಡಿದು ಕರೆದರೆ ವಾತಾಪಿ ಅತಿಥಿಯ ಹೊಟ್ಟೆ ಬಗೆದು ಹೊರಗೆ ಬರುವನು. ಅಗಸ್ತ್ಯರು ಮಾತ್ರ ಉಂಡು, ಅವನು ಆಗಲೇ ಅರಗಿಹೋದನೆಂದು ತಣ್ಣಗೆ ಹೇಳಿದರು. ಮಹಾಭಾರತದಲ್ಲಿ ಇಲ್ವಲನ ಪಟ್ಟಣಕ್ಕೆ ಮಣಿಮತಿ ಎಂದು ಹೆಸರಿದೆ. ಆದರೆ ನಮ್ಮ ಜನ ಕಥೆಯನ್ನು ಬಾದಾಮಿಗೆ ತಂದು ಕೂರಿಸಿದ್ದಾರೆ, ಕೆರೆಗೆ ಅಗಸ್ತ್ಯರ ಹೆಸರನ್ನೇ ಇಟ್ಟಿದ್ದಾರೆ. ಈ ಅಗಸ್ತ್ಯರನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತಾರೆ.

ನನ್ನ ವಿದ್ಯಾರ್ಥಿನಿ ಕೇಳಿದ ಎರಡನೆಯ ಪ್ರಶ್ನೆ ಹಾಡಿನದು. “ಆ ಗಣಪತಿಯನ್ನ ಇಲ್ಲಿಂದ ಅವರು ಹೊತ್ತೊಯ್ದಿದ್ದು ಖರೇನೇನ್ರಿ ಸರ್?” ಎಂದು. ಇದಕ್ಕೂ ನಾನು ಮೊದಲಾಗಿದ್ದರೆ ಕೂಡಲೇ ಹೌದು ಎನ್ನುತ್ತಿದ್ದೆ. ಒಂದು ಸಲ ಎಡವಿದವನು ಎರಡನೆಯ ಸಲ ನೆಲ ನೋಡಿ ನಡೆಯಬೇಕು. “ಓದಿ ಹೇಳ್ತೀನವ್ವ” ಎಂದು ಫೋನು ಇಟ್ಟೆ.

ಇತಿಹಾಸ ಇಷ್ಟು. ಕ್ರಿ.ಶ. 642ರ ಸುಮಾರಿಗೆ ಪಲ್ಲವರ ಒಂದನೆಯ ನರಸಿಂಹವರ್ಮನು ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದನು. ವಾತಾಪಿಕೊಂಡ ಎಂಬ ಬಿರುದನ್ನು ಧರಿಸಿದನು. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ. ಅವನ ದಂಡಿನಲ್ಲಿ ಪರಂಜ್ಯೋತಿ ಎಂಬ ಸೇನಾನಿ ಇದ್ದನೆಂದೂ, ಅವನು ವಾತಾಪಿಯಿಂದ ಗಣಪತಿಯ ವಿಗ್ರಹವನ್ನು ತಂದು ತನ್ನ ಊರಾದ ತಿರುಚ್ಚೆಂಗಾಟ್ಟಂಗುಡಿಯಲ್ಲಿ ಸ್ಥಾಪಿಸಿದನೆಂದೂ ಕಥೆ. ಬಾದಾಮಿಯಲ್ಲಿ ಕೇಳಿದರೆ ಬೆಟ್ಟದ ಕೆಳಗಿನ ಶಿವಾಲಯವನ್ನು ತೋರಿಸಿ, ಆ ಗಣಪತಿ ಇದ್ದದ್ದು ಇಲ್ಲಿಯೇ ಎಂದು ಹೇಳುವವರಿದ್ದಾರೆ.

ಆದರೆ ಪರಂಜ್ಯೋತಿಯ ವೃತ್ತಾಂತವನ್ನು ಹೇಳುವ ತಮಿಳಿನ ಪೆರಿಯಪುರಾಣ ಹನ್ನೆರಡನೆಯ ಶತಮಾನದ್ದು. ಕವಿ ಸೇಕ್ಕಿಳಾರ್ ಅದರಲ್ಲಿ ಅವನು ವಾತಾಪಿಯನ್ನು ಧ್ವಂಸಮಾಡಿ ಆನೆ ಕುದುರೆ, ಚಿನ್ನ ರತ್ನಗಳನ್ನು ತಂದನೆನ್ನುತ್ತಾರೆ. ಗಣಪತಿಯ ಮಾತನ್ನು ಎತ್ತುವುದಿಲ್ಲ. ಶಿವಭಕ್ತನ ಚರಿತ್ರೆ ಬರೆಯುವ ಕವಿ ಶಿವನ ಮಗನನ್ನೇ ತಂದ ಸಂಗತಿ ಗೊತ್ತಿದ್ದರೆ ಬಿಡುತ್ತಿದ್ದರೇ? ವಿಗ್ರಹವನ್ನು ತಂದರೆಂಬ ಕಥೆ ಅದಕ್ಕಿಂತ ಬಹಳ ಈಚಿನದು. ಯುದ್ಧ ನಡೆದದ್ದು ಸತ್ಯ, ಊರು ಸುಲಿಗೆಯಾದದ್ದೂ ಸತ್ಯವಿರಬೇಕು. ಗಣಪತಿಯ ಭಾಗಕ್ಕೆ ಮಾತ್ರ ಆ ಕಾಲದ ಸಾಕ್ಷಿ ಇಲ್ಲ.

ಈ ಪರಂಜ್ಯೋತಿ ಯಾರೆಂದು ತಿಳಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಅಡ್ಡಾಡಿದೆ. ಯುದ್ಧ ಬಿಟ್ಟು ಊರಿಗೆ ಮರಳಿದ ಮೇಲೆ ಅವನಿಗೆ ಸಿರುತ್ತೊಂಡ ಎಂದು ಹೆಸರಾಯಿತು. ಭೈರವ ವೇಷದಿಂದ ಬಂದ ಶಿವನು ನರಮಾಂಸದ ಊಟ ಬೇಡಿದಾಗ ಗಂಡಹೆಂಡಿರು ತಮ್ಮ ಒಬ್ಬನೇ ಮಗನನ್ನು ಕೊಂದು ಅಡಿಗೆ ಮಾಡಿ ಬಡಿಸಿದರು. ಈ ಕಥೆ ನಿಮಗೆ ಗೊತ್ತು. ನಮ್ಮ ಸಿರಿಯಾಳ ಸೆಟ್ಟಿ, ಚಂಗಳೆಯರ ಕಥೆ ಇದೇ! ನಮ್ಮಲ್ಲಿ ಅವನು ಕಂಚಿಯ ವ್ಯಾಪಾರಿ, ಕೂಸಿನ ಹೆಸರು ಚಿಲ್ಲಾಳ. ಶರಣರು ತಮ್ಮ ವಚನಗಳಲ್ಲಿ ಸಿರಿಯಾಳನ ಹೆಸರನ್ನು ಕೈಮುಗಿದು ಎತ್ತಿದ್ದಾರೆ. ನಮ್ಮ ಹೆಣ್ಣುಮಕ್ಕಳು ಚಂಗಳೆಯ ದುಃಖಕ್ಕೆ ಕಣ್ಣೊರೆಸಿಕೊಂಡಿದ್ದಾರೆ. ತಮಿಳರ ಲೆಕ್ಕದಲ್ಲಿ ಬಾದಾಮಿಯನ್ನು ಹಾಳುಗೆಡವಿದವನು, ಕನ್ನಡಿಗರ ಲೆಕ್ಕದಲ್ಲಿ ನಿತ್ಯ ಸ್ಮರಿಸಬೇಕಾದ ಭಕ್ತ. ಕಥೆ ಕನ್ನಡಕ್ಕೆ ಬರುವಾಗ ಸೇನಾನಿಯ ಖಡ್ಗ ಗಡಿಯಲ್ಲಿಯೇ ಬಿದ್ದುಹೋಗಿದೆ. ಯಾರಾದರೂ ಬೇಕೆಂದೇ ಬಿಟ್ಟರೋ, ತಾನಾಗಿಯೇ ಬಿಟ್ಟುಹೋಯಿತೋ, ಬಿಟ್ಟದ್ದಂತೂ ಒಳ್ಳೆಯದಾಯಿತು.

ಪಲ್ಲವರಿಗೂ ಚಾಲುಕ್ಯರಿಗೂ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲವೆನ್ನಿ. ಮುಂದೆ ಇಮ್ಮಡಿ ವಿಕ್ರಮಾದಿತ್ಯನು (733-744) ಕಂಚಿಯನ್ನು ಗೆದ್ದು, ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಹಿಂದಿರುಗಿಸಿದನು. ಆ ಮಾತನ್ನು ಅಲ್ಲಿಯೇ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ್ದಾನೆ. ಚೆನ್ನೈಯಲ್ಲಿರುವವರು ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ನೋಡಿ ಬನ್ನಿರಿ.

ಈಗ ಹಾಡು. ಮುತ್ತುಸ್ವಾಮಿ ದೀಕ್ಷಿತರು ಹುಟ್ಟಿದ್ದು ತಿರುವಾರೂರಿನಲ್ಲಿ, 1835ರಲ್ಲಿ ತೀರಿಕೊಂಡರು. ತಿರುವಾರೂರಿನ ದೊಡ್ಡ ದೇವಾಲಯದಲ್ಲಿಯೂ ವಾತಾಪಿ ಗಣಪತಿ ಎಂಬ ಹೆಸರಿನ ಗಣಪತಿ ಇದ್ದಾನೆ. ಎರಡು ಊರುಗಳಲ್ಲಿ ದೀಕ್ಷಿತರು ಹಾಡಿದ್ದು ಯಾರನ್ನು ಎಂಬುದಕ್ಕೆ ಕೃತಿಯೇ ಗುರುತು ಕೊಡುತ್ತದೆ. ಗಣಪತಿ ಇರುವ ಸ್ಥಳವನ್ನು ಅದು ಮೂಲಾಧಾರ ಕ್ಷೇತ್ರವೆಂದು ಕರೆಯುತ್ತದೆ. ಪಂಚಭೂತ ಸ್ಥಳಗಳ ಪೈಕಿ ಪೃಥ್ವಿಯದೆನಿಸಿದ ತಿರುವಾರೂರಿಗೆ ಆ ಹೆಸರು ಸಲ್ಲುತ್ತದೆ. ಇನ್ನು ಪೂರ್ವದಲ್ಲಿ ಈ ಗಣಪತಿಯನ್ನು ಪೂಜಿಸಿದವರು ಯಾರೆಂದು ಕೃತಿ ಹೇಳುತ್ತದೆ ಗೊತ್ತೇ? ಕುಂಭಸಂಭವರು, ಎಂದರೆ ಅಗಸ್ತ್ಯರು. ಕೃತಿಯಲ್ಲಿ ಪಲ್ಲವನಿಲ್ಲ, ಪರಂಜ್ಯೋತಿಯಿಲ್ಲ, ಗೆದ್ದವರೂ ಸೋತವರೂ ಇಲ್ಲ. ವಾತಾಪಿಯನ್ನು ಅರಗಿಸಿಕೊಂಡ ಅಗಸ್ತ್ಯರಿದ್ದಾರೆ. ದೀಕ್ಷಿತರು ವಾತಾಪಿ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ನಮ್ಮ ಚಾಲುಕ್ಯರ ರಾಜಧಾನಿಗಿಂತ ನನ್ನ ಅಜ್ಜಿಯ ವಾತಾಪಿಗೇ ಹತ್ತಿರವೆಂದು ನನಗೆ ತೋರುತ್ತದೆ. ನನ್ನ ವಿದ್ಯಾರ್ಥಿನಿಗೆ ಇಷ್ಟನ್ನು ಹೇಳಿದಾಗ ಅವಳಿಗೆ ಸ್ವಲ್ಪ ನಿರಾಶೆಯಾಯಿತು. ಕಳವಾದ ನಮ್ಮ ಮನೆಯ ಒಡವೆ ಸಿಕ್ಕಿತೆಂದು ಅವಳು ತಿಳಿದಿದ್ದಳು.

ಹಂಸಧ್ವನಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ಆ ರಾಗವನ್ನು ರೂಪಿಸಿದವರು ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು. ಮಧ್ಯಮ ಧೈವತಗಳನ್ನು ಬಿಟ್ಟ ಐದು ಸ್ವರದ ರಾಗ, ಶಂಕರಾಭರಣದ ಮಗು. ತಂದೆ ಕಟ್ಟಿದ ಮನೆಯಲ್ಲಿ ಮಗ ದೀಪ ಹಚ್ಚಿದಂತೆ ಈ ಕೃತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮಹಾ ವೈದ್ಯನಾಥ ಅಯ್ಯರ್ ಅವರು ಇದಕ್ಕೆ ಸಂಗತಿಗಳನ್ನು ಸೇರಿಸಿ ಕಛೇರಿಯ ಆರಂಭಕ್ಕೆ ಹಾಡುವ ರೂಢಿ ಹಾಕಿದರೆಂಬ ಮಾತಿದೆ.

ನಾನು ಈ ರಾಗವನ್ನು ಮೊದಲು ಕೇಳಿದ್ದು ಕಛೇರಿಯಲ್ಲಲ್ಲ. ಗೊಬ್ಬೂರಿನಲ್ಲಿ ಆಗ ಕರ್ನಾಟಕ ಸಂಗೀತದ ಕಛೇರಿ ಎಲ್ಲಿಯದು? ನಮ್ಮದು ಭಜನೆ, ತತ್ತ್ವಪದ, ಮೊಹರಮ್ಮಿನ ಹಾಡುಗಳ ಊರು. ಹೊರಗಿನ ಸಂಗೀತವೆಂದರೆ ಹಿಂದೂಸ್ತಾನಿ. ನಾನು ಕೇಳಿದ್ದು ರೇಡಿಯೋದಲ್ಲಿ, 1956ರ ‘ಪರಿವಾರ್’ ಎಂಬ ಹಿಂದಿ ಚಿತ್ರದ ಹಾಡಿನಲ್ಲಿ. ಸಲಿಲ್ ಚೌಧುರಿಯವರ ಸಂಗೀತ, ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ ಹಾಡಿದ್ದು. ಅದು ಹಂಸಧ್ವನಿ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ರಾಗ ಉತ್ತರದವರ ಕಿವಿಗೆ ಬಿದ್ದದ್ದರಲ್ಲಿ ಭೆಂಡಿ ಬಜಾರ್ ಘರಾಣೆಯ ಉಸ್ತಾದ್ ಅಮಾನ್ ಅಲಿ ಖಾನರ ಪಾಲು ದೊಡ್ಡದು. ದೀಕ್ಷಿತರ ಈ ಕೃತಿಯ ಜಾಡನ್ನೇ ಹಿಡಿದು ಅವರು ಹಂಸಧ್ವನಿಯಲ್ಲಿ ಒಂದು ಬಂದಿಶ್ ಕಟ್ಟಿದರು. ಅದನ್ನು ಇಂದಿಗೂ ಹಿಂದೂಸ್ತಾನಿ ಗಾಯಕರು ಹಾಡುತ್ತಾರೆ. ಲತಾ ಅವರು ಕೆಲಕಾಲ ಇದೇ ಖಾನ್ ಸಾಹೇಬರಲ್ಲಿ ಕಲಿತವರು. ಕಾಶಿಯಲ್ಲಿದ್ದು ಉತ್ತರದ ಸಂಗೀತವನ್ನು ಕೇಳಿ ಬಂದ ದೀಕ್ಷಿತರಿಗೆ ಈ ಸುದ್ದಿ ತಿಳಿದಿದ್ದರೆ ಸಂತೋಷವೇ ಆಗುತ್ತಿತ್ತು.

ಸುಲ್ತಾನರ ಮೇಲೆ ನಾನು ಹೊರಿಸಿದ ತಪ್ಪಿನ ವಿಷಯಕ್ಕೆ ಮರಳಬೇಕು. ಬಾದಾಮಿ ಮುಂದೆ ವಿಜಾಪುರದ ಆದಿಲಶಾಹಿಗಳ ಕೈಸೇರಿತು. ಆ ವಂಶದ ಎರಡನೆಯ ಇಬ್ರಾಹಿಂ (1580-1627) ಸ್ವತಃ ಸಂಗೀತಗಾರ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದವನು. ದಖನಿ ಮಾತಿನಲ್ಲಿ ಅವನು ಬರೆದ ಕಿತಾಬ್-ಎ-ನೌರಸ್ ರಾಗಗಳಿಗೆ ಹೊಂದಿಸಿದ ಗೀತಗಳ ಸಂಗ್ರಹ. ಅದರ ಗೀತಗಳಲ್ಲಿ ಸರಸ್ವತಿಯನ್ನು ತಾಯಿ ಎಂದೂ ಗಣಪತಿಯನ್ನು ತಂದೆ ಎಂದೂ ಅವನು ನೆನೆಯುತ್ತಾನೆ. ದೀಕ್ಷಿತರು ಹುಟ್ಟುವುದಕ್ಕೆ ಸುಮಾರು ನೂರೈವತ್ತು ವರ್ಷ ಮೊದಲು ನಮ್ಮದೇ ಸೀಮೆಯಲ್ಲಿ, ಪಾರಸಿ ಬಲ್ಲ ಸುಲ್ತಾನನೊಬ್ಬ ಗಣಪತಿಯನ್ನು ಹಾಡಿದ್ದಾನೆ. ಪ್ರವಾಸದಲ್ಲಿ ನಿಮ್ಮನ್ನು ವಿಜಾಪುರದ ಇಬ್ರಾಹಿಂ ರೋಜಾಕ್ಕೆ ಕರೆದೊಯ್ದು ಕಮಾನುಗಳನ್ನು ಎಣಿಸಲು ಹೇಳಿದೆ. ಒಳಗೆ ಮಲಗಿದವನು ಏನು ಹಾಡಿದನೆಂದು ಹೇಳಲಿಲ್ಲ. ಅದು ಆಗ ನನಗೇ ಗೊತ್ತಿರಲಿಲ್ಲ.

ಬಾದಾಮಿಯ ಗಣಪತಿಯನ್ನೇ ನೋಡಬೇಕೆಂದು ಹಟವಿದ್ದವರಿಗೆ ಒಂದು ದಾರಿ ಇದೆ. ಮೊದಲನೆಯ ಗುಹೆಯ ಹೊರಗೆ, ಬಲಗಡೆಯ ಬಂಡೆಯ ಮೇಲೆ ಹದಿನೆಂಟು ಕೈಗಳ ನಟರಾಜನಿದ್ದಾನಲ್ಲ, ಅವನ ಕಾಲ ಬಳಿ ನೋಡಿರಿ. ಎರಡೇ ಕೈಗಳ ಪುಟ್ಟ ಗಣಪತಿ ನಿಂತಿದ್ದಾನೆ, ಅವನ ಪಕ್ಕದಲ್ಲಿ ಒಬ್ಬ ಚರ್ಮವಾದ್ಯ ಬಾರಿಸುತ್ತಿದ್ದಾನೆ. ಇದು ಆರನೆಯ ಶತಮಾನದ ಕೆಲಸ. ಇವನನ್ನು ಯಾರೂ ಹೊತ್ತೊಯ್ಯುವಂತಿಲ್ಲ, ಬೆಟ್ಟವನ್ನೇ ಹೊರಬೇಕಾಗುತ್ತದೆ. ನಾನು ಅಷ್ಟು ಸಲ ಅಲ್ಲಿ ನಿಂತರೂ ಮಕ್ಕಳಿಂದ ನಟರಾಜನ ಕೈಗಳನ್ನು ಎಣಿಸುವ ಗದ್ದಲದಲ್ಲಿ ಇವನನ್ನು ತೋರಿಸಿದ್ದು ನೆನಪಿಲ್ಲ.

ನನ್ನ ಬಳಿ ಓದಿದವರ ಯಾರ ಮನೆಯ ಅಟ್ಟದಲ್ಲಾದರೂ ಒಂಬತ್ತನೆಯ ತರಗತಿಯ ಇತಿಹಾಸದ ನೋಟ್ ಪುಸ್ತಕ ಉಳಿದಿದ್ದರೆ ದಯವಿಟ್ಟು ತೆಗೆಯಿರಿ. ಚಾಲುಕ್ಯರ ಪಾಠದಲ್ಲಿ ‘ಬಂಡೆಗಳ ಬಣ್ಣದಿಂದ’ ಎಂಬ ಸಾಲನ್ನೂ, ‘ಸುಲ್ತಾನರು ಹೆಸರು ಬದಲಿಸಿದರು’ ಎಂಬ ಸಾಲನ್ನೂ ಹೊಡೆದು ಹಾಕಿ, ‘ವಾತಾಪಿ, ಬಾದಾವಿ, ಬಾದಾಮಿ’ ಎಂದು ಬರೆದುಕೊಳ್ಳಿರಿ. ಚೆನ್ನೈಯ ವಿದ್ಯಾರ್ಥಿನಿಗೆ ಎರಡು ಅಂಕಗಳನ್ನು ಹಿಂದಿರುಗಿಸಿದ್ದೇನೆ. “ಈಗ ಒಟ್ಟು ಎಷ್ಟಾತ್ರಿ ಸರ್?” ಎಂದು ಕೇಳಿದಳು. ಒಟ್ಟು ಎಷ್ಟೆಂದು ಅವಳ ಅಜ್ಜನಿಗೆ ತಿಳಿಸಬೇಕಾಗಿತ್ತು; ಅವರು ಈಗ ಇಲ್ಲ.